ಕೂಸಿನ ಹಾಲಿಗೆ ಅಳತೆ ಬಂದ ಬಗೆ

ಎಳೆಗೂಸಿಗೆ ಎಷ್ಟು ಹಾಲು ಕೊಡಬೇಕು? ಚೊಚ್ಚಲ ಬಾಣಂತಿಯರಲ್ಲಿ ಈ ಪ್ರಶ್ನೆ ಕೇಳದವರಿಲ್ಲ. ನೋಡಲು ಬಂದವರಲ್ಲಿ ಉತ್ತರ ಹೇಳದೆ ಎದ್ದು ಹೋದವರೂ ಇಲ್ಲ. ಮಗು ಅತ್ತರೆ ಹಾಲು ಸಾಲದೆಂದು ಒಬ್ಬರು, ಕಕ್ಕಿದರೆ ಹೆಚ್ಚಾಯಿತೆಂದು ಇನ್ನೊಬ್ಬರು, ನೆಮ್ಮದಿಯಾಗಿ ಮಲಗಿದ್ದರೆ ಎಬ್ಬಿಸಿ ಕುಡಿಸೆಂದು ಮತ್ತೊಬ್ಬರು. ಹೀಗೆ ಎಲ್ಲರ ಬಾಯಲ್ಲೂ ಇರುವುದರಿಂದ ಈ ಪ್ರಶ್ನೆ ಅನಾದಿಕಾಲದ್ದೆಂದು ನಮಗೆ ತೋರುತ್ತದೆ. ಆದರೆ ಇದಕ್ಕೂ ಒಂದು ಚರಿತ್ರೆಯುಂಟು, ಅದು ಬಹಳ ಹಳೆಯದೂ ಅಲ್ಲ. ಹಾಲೂ ತಾಯಿಯೂ ಒಂದೇ ಕಡೆ ಇರುವಷ್ಟು ದಿನ 'ಎಷ್ಟು' ಎಂದು ಕೇಳುವ ಅಗತ್ಯ ಅಷ್ಟಾಗಿ ಬಂದಿರಲಿಲ್ಲ. ಅವೆರಡನ್ನು ಯಾವುದೋ ಒಂದು ಬೇರೆ ಮಾಡಿದಾಗ ಅಳತೆ ಬಂತು. ಕೆಲವು ಕಡೆ ಬೇರೆ ಮಾಡಿದ್ದು ಡಬ್ಬಿ, ಕೆಲವು ಕಡೆ ಗಡಿಯಾರ. ಕೊಡಗಿನಲ್ಲಿ ಬಹುಮಟ್ಟಿಗೆ ಕಾಫಿ.

ಕಾಫಿ ಬರುವುದಕ್ಕೆ ಮುಂಚಿನ ಮಾತನ್ನು ಮೊದಲು ಆಡೋಣ. ನಮ್ಮ ಪ್ರಾಚೀನ ವೈದ್ಯರಿಗೆ ಮಗುವಿನ ಆಹಾರದ ವಿಷಯದಲ್ಲಿ ಅಳತೆಯ ಪ್ರಜ್ಞೆ ಇರಲಿಲ್ಲವೆಂದಲ್ಲ. ಸುಶ್ರುತ ಸಂಹಿತೆ ವಯಸ್ಸನ್ನು ವಿಂಗಡಿಸುವುದೇ ಆಹಾರದಿಂದ: ಒಂದು ವರ್ಷದವರೆಗೆ ಹಾಲು ಕುಡಿಯುವ ಕೂಸು, ಎರಡು ವರ್ಷದವರೆಗೆ ಹಾಲನ್ನೂ ಅನ್ನವನ್ನೂ ಉಣ್ಣುವ ಮಗು, ಆಮೇಲೆ ಅನ್ನದ ಮಗು. ಹುಟ್ಟಿದ ಮೊದಲ ದಿನಗಳಲ್ಲಿ ಜೇನುತುಪ್ಪ ನೆಕ್ಕಿಸುವ ವಿಧಿಯನ್ನು ಹೇಳುವಾಗ ಆ ಗ್ರಂಥ ಕೊಡುವ ಪ್ರಮಾಣ ಸೊಗಸಾಗಿದೆ: ಮಗುವಿನದೇ ಅಂಗೈ ಹಿಡಿಯುವಷ್ಟು. ದೊಡ್ಡವರ ತೊಲವಾಗಲಿ ಪಲವಾಗಲಿ ಅಲ್ಲಿಲ್ಲ. ಅಳೆಯುವ ಪಾತ್ರೆಯೂ ಮಗುವಿನ ಮೈಯಲ್ಲೇ ಇದೆ. ವಿಧಿ ಮಾತ್ರ ಈಗ ಸಲ್ಲದು. ಒಂದು ವರ್ಷ ತುಂಬುವವರೆಗೆ ಜೇನು ಕೂಡದೆಂದೂ, ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಮೊದಲ ಹಳದಿ ಹಾಲು ಮಗುವಿನ ಬಾಯಿಗೆ ಬೀಳಬೇಕೆಂದೂ ಇಂದಿನ ವೈದ್ಯರು ಹೇಳುತ್ತಾರೆ. ಮೂರು ದಿನ ಕಾಯಿಸಿ, ಆ ಹಳದಿ ಹಾಲನ್ನು ಹಿಂಡಿ ಚೆಲ್ಲಿದ ಮನೆಗಳು ನಮ್ಮ ನಾಡಿನಲ್ಲಿ ಕಡಿಮೆಯಲ್ಲ. ಹಳೆಯದೆಲ್ಲ ಜಾಣತನವೆಂದು ವಾದಿಸುವುದು ನನ್ನ ಉದ್ದೇಶವಲ್ಲ.

ಮನೆಯ ಅಳತೆಯೆಂದರೆ ಒಳಲೆ. ಹಿತ್ತಾಳೆಯದೋ ಬೆಳ್ಳಿಯದೋ ಪುಟ್ಟ ಬಟ್ಟಲು; ಒಂದು ಕಡೆ ಮೂತಿ ಚಾಚಿ, ಎಲೆಯ ತುದಿಯಂತೆ ಸಪೂರವಾಗಿರುತ್ತದೆ. ತಮಿಳರು ಇದನ್ನು ಪಾಲಾಡೈ ಎನ್ನುತ್ತಾರೆ. ತಾಯಿಗೆ ಜ್ವರ ಬಂದಾಗ, ಹಸುವಿನ ಹಾಲಿಗೆ ನೀರು ಬೆರೆಸಿ ಕೊಡಬೇಕಾದಾಗ, ಹರಳೆಣ್ಣೆ ಕುಡಿಸುವಾಗ ಅಟ್ಟದಿಂದ ಒಳಲೆ ಇಳಿಯುತ್ತಿತ್ತು. 'ಎರಡು ಒಳಲೆ ಕುಡಿಯಿತು' ಎಂದರೆ ಮನೆಯವರಿಗೆಲ್ಲ ಅರ್ಥವಾಗುತ್ತಿತ್ತು. ನೆರೆಮನೆಯ ಒಳಲೆ ಇನ್ನೊಂದು ಗಾತ್ರದ್ದು; ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಇನ್ನು ಕೊಡವರ ಮನೆಯ ಬಾಣಂತನ. ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರುತ್ತಿತ್ತು; ಹರಳು ಗಿಡದ ಕಡ್ಡಿಯ ಬಿಲ್ಲು, ಎಲೆಯ ದಂಟಿನ ಬಾಣ ಕೂಸಿನ ಕೈ ಸೇರುತ್ತಿದ್ದವು. ಬಾಸೆಲ್ ಮಿಶನ್ನಿನ ಪಾದ್ರಿ ಜಿ. ರಿಕ್ಟರ್ 1870ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತನ್ನ ಕೊಡಗಿನ ಕೈಪಿಡಿಯಲ್ಲಿ ಈ ಆಚಾರವನ್ನು ವರ್ಣಿಸಿದ್ದಾನೆ. 1952ರಲ್ಲಿ ಎಂ. ಎನ್. ಶ್ರೀನಿವಾಸ್ ಅವರ ಪ್ರಸಿದ್ಧ ಗ್ರಂಥ ಬಂದ ಮೇಲಂತೂ ಕೊಡವರ ಸಂಸ್ಕಾರಗಳು ಪ್ರಪಂಚದ ವಿದ್ವಾಂಸರಿಗೆಲ್ಲ ಪರಿಚಯವಾದವು. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದು, ಸುಮಾರು ಅರವತ್ತು ದಿನ ಕಳೆದ ಮೇಲೆ ಬಾಣಂತಿ ಬಾವಿಗೆ ಹೋಗಿ ಗಂಗೆಯನ್ನು ಪೂಜಿಸಿ ನೀರು ತರುವುದು. ಓದುವವರ ಕಣ್ಣು ಬಿಲ್ಲುಬಾಣದ ಮೇಲೆಯೇ ನಿಲ್ಲುತ್ತದೆ, ವೀರರ ನಾಡಲ್ಲವೆ! ನನ್ನ ಕಣ್ಣು ಆ ಅರವತ್ತು ದಿನಗಳ ಮೇಲೆ ನಿಂತಿದೆ. ಸೂತಕವೆನ್ನಿ, ಮಡಿಯೆನ್ನಿ, ಅದರಿಂದ ಆದದ್ದು ಇಷ್ಟು: ಎರಡು ತಿಂಗಳು ಆಕೆ ಗದ್ದೆಗೆ ಇಳಿಯಬೇಕಿಲ್ಲ, ನೀರು ಹೊರಬೇಕಿಲ್ಲ. ಕೂಸೂ ಹಾಲೂ ಒಂದೇ ಚಾಪೆಯ ಮೇಲೆ. ಕೊಡವ ತಕ್ಕಿನಲ್ಲಿ ಹೆತ್ತವಳು 'ಅವ್ವ', ಅಜ್ಜಿ 'ತಾಯಿ'. ಒಕ್ಕದ ಅಂಥ ತಾಯಂದಿರು ಸುತ್ತ ಇರುವಾಗ ಬಾಣಂತಿಗೆ ಹಗಲಿರುಳು ಬೇರೆ ಕೆಲಸವಿಲ್ಲ.

ಹಾಲಿನ ವಿಷಯದಲ್ಲಿ ಈ ಎರಡು ತಿಂಗಳಿಗೆ ಇರುವ ಬೆಲೆ ಏನೆಂಬುದು ಈಚೆಗೆ ಚೆನ್ನಾಗಿ ತಿಳಿದಿದೆ. ತಾಯಿಯ ಎದೆಹಾಲು ಕೆರೆಯ ನೀರಿನಂತೆ ಇಷ್ಟೇ ಎಂದು ತುಂಬಿಟ್ಟದ್ದಲ್ಲ, ಮರಳಿನ ಒರತೆಯಂತೆ. ತೋಡಿದಷ್ಟೂ ಜಿನುಗುತ್ತದೆ, ತೋಡದೆ ಬಿಟ್ಟರೆ ಕಟ್ಟಿ ನಿಲ್ಲುತ್ತದೆ, ದಿನ ಕಳೆದಂತೆ ಬತ್ತುತ್ತದೆ. ಎದೆಯಲ್ಲಿ ಹಾಲು ಉಳಿದರೆ ಆ ಉಳಿದ ಹಾಲೇ ಮುಂದಿನ ಹಾಲನ್ನು ತಡೆಯುತ್ತದೆ. ಆದ್ದರಿಂದ ಮೊದಲ ವಾರಗಳಲ್ಲಿ ಕೂಸು ಎಷ್ಟು ಸಲ ಬಾಯಿ ಹಾಕುತ್ತದೆಯೋ ಅದರ ಮೇಲೆ ಮುಂದಿನ ತಿಂಗಳುಗಳ ಹಾಲು ನಿಂತಿದೆ. ಎಳೆಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯುವುದು ಸಾಮಾನ್ಯ. ಗಂಗೆಪೂಜೆಯ ಹೊತ್ತಿಗೆ ತಾಯಿಯೂ ಮಗುವೂ ತಮ್ಮಲ್ಲೇ ಒಂದು ಒಪ್ಪಂದಕ್ಕೆ ಬಂದಿರುತ್ತಿದ್ದರು.

ಆದರೆ ಕೊಡಗೆಂದರೆ ಕೊಡವರಷ್ಟೇ ಅಲ್ಲ. ಐನ್‌ಮನೆಯ ಗದ್ದೆಯಲ್ಲಿ ನಾಟಿ ಮಾಡಿದವರು ಯರವರು, ಇತರ ಜೀತದ ಆಳುಗಳು. ಬಾಣಂತಿಯ ಪಾಲಿನ ನಾಟಿಯನ್ನೂ ಅವರೇ ಮಾಡಿದರು. ಅವರ ಹೆಂಗಸರಿಗೆ ಅರವತ್ತು ದಿನ ಕೊಟ್ಟವರಾರು? ರಿಕ್ಟರನ ಪುಟಗಳಿಂದ ಹಿಡಿದು ಈಚಿನ ಲೇಖನಗಳವರೆಗೆ ಕೊಡಗಿನ ಸಂಸ್ಕಾರಗಳನ್ನು ಓದುವಾಗಲೆಲ್ಲ ಈ ಪ್ರಶ್ನೆ ನನಗೆ ಬರುತ್ತದೆ.

1834ರಲ್ಲಿ ಕೊಡಗು ಇಂಗ್ಲಿಷರ ವಶವಾಯಿತು. ಇಪ್ಪತ್ತು ವರ್ಷದ ಮೇಲೆ, 1854ರಲ್ಲಿ, ಫೌಲರ್ ಎಂಬವನು ಮಡಿಕೇರಿಯ ಬಳಿ ಮೊದಲನೆಯ ಯೂರೋಪಿಯನ್ ಕಾಫಿ ತೋಟ ತೆರೆದ. ಅಲ್ಲಿಂದ ಮುಂದೆ ಕಾಡು ಕಡಿದು ತೋಟವಾಗುತ್ತ ಹೋಯಿತು. ಘಟ್ಟದ ಮೇಲಿಂದ, ಕೆಳಗಿಂದ, ಮೈಸೂರು ಸೀಮೆಯಿಂದ, ಮಲೆಯಾಳದಿಂದ, ತಮಿಳು ನಾಡಿನಿಂದ ಮೇಸ್ತ್ರಿಗಳು ಆಳು ಕೂಡಿಸಿ ತಂದರು. ಸಾಲು ಸಾಲಾಗಿ ಲೈನ್‌ಮನೆಗಳೆದ್ದವು. ಗುಡ್ಡದ ನೆತ್ತಿಯಲ್ಲಿ ದೊರೆಯ ಬಂಗಲೆ, ಇಳಿಜಾರಿನಲ್ಲಿ ಲೈನ್‌ಮನೆ, ಆಚೆ ಗದ್ದೆಯ ಅಂಚಿನಲ್ಲಿ ಐನ್‌ಮನೆ. ಒಂದು ಕೂಗಳತೆಯೊಳಗೆ ಮೂರು ಬಗೆಯ ತೊಟ್ಟಿಲು.

ಬಂಗಲೆಯ ತೊಟ್ಟಿಲಿನ ಕಥೆ ಯೂರೋಪಿನಲ್ಲಿ ಆರಂಭವಾಗುತ್ತದೆ. 1748ರಲ್ಲಿ ವಿಲಿಯಂ ಕ್ಯಾಡೊಗನ್ ಎಂಬ ಇಂಗ್ಲಿಷ್ ವೈದ್ಯ ಲಂಡನ್ನಿನ ಅನಾಥಾಲಯದ ಆಡಳಿತಗಾರರಿಗೆ ಒಂದು ಪ್ರಬಂಧ ಬರೆದು, ಮಕ್ಕಳಿಗೆ ದಿನಕ್ಕೆ ನಾಲ್ಕೇ ಸಲ ಕೊಟ್ಟರೆ ಸಾಕು, ರಾತ್ರಿ ಬೇಡವೆಂದ. ಅನಾಥಾಲಯಕ್ಕೆ ಬರೆದದ್ದೆಂಬುದನ್ನು ಗಮನಿಸಬೇಕು. ತಾಯಿಯಿಲ್ಲದ ನೂರಾರು ಮಕ್ಕಳಿದ್ದಲ್ಲಿ ಲೆಕ್ಕ ಬೇಕೇ ಬೇಕು. ಹೀಗೆ ಅನಾಥರಿಗೆ ಹಾಕಿದ ಲೆಕ್ಕ ಕಾಲಕ್ರಮದಲ್ಲಿ ತಾಯಿಯಿದ್ದ ಮಕ್ಕಳಿಗೂ ಅನ್ವಯವಾಯಿತು. 1865ರ ಸುಮಾರಿಗೆ ಜರ್ಮನ್ ರಸಾಯನ ವಿಜ್ಞಾನಿ ಲೀಬಿಗ್ ಗೋಧಿ ಹಿಟ್ಟು, ಮೊಳಕೆ ಬಾರ್ಲಿ, ಹಸುವಿನ ಹಾಲು ಸೇರಿಸಿ ಶಿಶು ಆಹಾರ ತಯಾರಿಸಿದ. 1867ರಲ್ಲಿ ಸ್ವಿಟ್ಸರ್ಲೆಂಡಿನ ವೆವೆ ಊರಿನಲ್ಲಿ ಹೆನ್ರಿ ನೆಸ್ಲೆ ಹಾಲಿನ ಹಿಟ್ಟನ್ನು ಮಾರಾಟಕ್ಕೆ ತಂದ. ಹಡಗು ಹತ್ತಿದ ಡಬ್ಬಿಗಳು ವಸಾಹತುಗಳನ್ನೆಲ್ಲ ಮುಟ್ಟಿದವು. ಡಬ್ಬಿಯ ಜೊತೆಗೆ ಬಂದದ್ದು ಅದರ ಹಿಂಬದಿಯ ಪಟ್ಟಿ: ಇಷ್ಟು ತಿಂಗಳಿಗೆ ಇಷ್ಟು ಔನ್ಸು ನೀರು, ಇಷ್ಟು ಚಮಚ ಪುಡಿ. ಮೊಟ್ಟಮೊದಲ ಬಾರಿಗೆ, ಮಗುವನ್ನು ಕಂಡೇ ಇಲ್ಲದ ಒಬ್ಬನು ಅದರ ಹೊಟ್ಟೆ ಎಷ್ಟೆಂದು ಬರೆದಿಟ್ಟ.

ಈ ಪಂಥಕ್ಕೆ ಮಹಾಗುರು ನ್ಯೂಜಿಲೆಂಡಿನ ಟ್ರೂಬಿ ಕಿಂಗ್. ಆತ ಹುಚ್ಚಾಸ್ಪತ್ರೆಯೊಂದರ ಮೇಲ್ವಿಚಾರಕ. ಆಸ್ಪತ್ರೆಯ ಹೊಲದಲ್ಲಿ ಕರುಗಳಿಗೆ ಹಾಲು ಅಳೆದು ಕುಡಿಸಿ ಅನುಭವ ಪಡೆದವನು. 1907ರಲ್ಲಿ ಸಂಘ ಕಟ್ಟಿ ಅದೇ ಶಿಸ್ತನ್ನು ತಾಯಂದಿರಿಗೆ ಬೋಧಿಸಿದ. ನಾಲ್ಕು ಗಂಟೆಗೊಮ್ಮೆ ಹಾಲು. ನಡುವೆ ಅತ್ತರೆ ಅಳಲಿ. ರಾತ್ರಿ ಖಂಡಿತ ಇಲ್ಲ. ತಾಯಿಯ ಹಾಲೇ ಶ್ರೇಷ್ಠವೆಂದು ಅವನೂ ಸಾರುತ್ತಿದ್ದ. ಆದರೆ ಆ ಹಾಲು ಬತ್ತುವಂಥ ವೇಳಾಪಟ್ಟಿಯನ್ನು ಕೈಗೆ ಕೊಟ್ಟ. ಅವನ ಮಾತು ಸಾಮ್ರಾಜ್ಯದ ಉದ್ದಗಲಕ್ಕೂ ಹರಡಿತು. ನಮ್ಮ ಪಟ್ಟಣಗಳ ಓದಿದ ಮನೆತನಗಳಲ್ಲೂ ಒಂದು ಕಾಲಕ್ಕೆ ಗೋಡೆ ಗಡಿಯಾರ ನೋಡಿ ಹಾಲು ಕೊಡುವುದು ನಾಗರಿಕತೆಯ ಲಕ್ಷಣವಾಗಿತ್ತು. ದುಂಡುಮುಖದ ಮಗುವನ್ನು ಕಂಡರೆ 'ಗ್ಲಾಕ್ಸೊ ಬೇಬಿ' ಎಂದು ಮೆಚ್ಚುತ್ತಿದ್ದೆವು. ಎದೆಹಾಲಿನಿಂದಲೇ ದುಂಡಗಾದ ಮಗುವಿಗೂ ಆ ಕಂಪನಿಯ ಹೆಸರು!

ಈಗ ಲೈನ್‌ಮನೆಗೆ ಬರೋಣ. ಬೆಳಿಗ್ಗೆ ಮಸ್ಟರು. ರೈಟರು ಹೆಸರು ಕೂಗುತ್ತಾನೆ. ಕೊಯ್ಲಿನ ಕಾಲದಲ್ಲಿ, ಎಂದರೆ ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗುವುದರಿಂದ ಮಾರ್ಚಿಯಲ್ಲಿ ರೊಬಸ್ಟಾ ಮುಗಿಯುವವರೆಗೆ, ಹೆಂಗಸರ ಕೈ ಬಿಡುವು ಕಾಣುವುದಿಲ್ಲ. ಕೊಯ್ದ ಹಣ್ಣನ್ನು ಸಂಜೆ ಅಳೆಯುತ್ತಾರೆ, ಅಳತೆಯಂತೆ ಕೂಲಿ. ಕೈ ನಿಂತರೆ ಕಾಸು ನಿಂತಿತು. ಕೂಸನ್ನು ಎಲ್ಲಿಡುವುದು? ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ, ಐದಾರು ವರ್ಷದ ಅಕ್ಕನನ್ನು ಕಾವಲಿಗೆ ಕೂರಿಸುವುದು ಒಂದು ದಾರಿ. ಲೈನಿನಲ್ಲೇ ಯಾರಾದರೂ ಮುದುಕಿಯ ಮಡಿಲಿಗೆ ಹಾಕಿ ಬರುವುದು ಇನ್ನೊಂದು. ಅಂತೂ ಬೆಳಗಿನ ಮಸ್ಟರಿನಿಂದ ಮಧ್ಯಾಹ್ನದ ಬಿಡುವಿನವರೆಗೆ ನಾಲ್ಕು ಗಂಟೆಗೆ ಕಡಿಮೆಯಿಲ್ಲ. ಪಟ್ಟಣದ ತಾಯಿ ಪುಸ್ತಕ ಓದಿ ಕಾದ ನಾಲ್ಕು ಗಂಟೆಯನ್ನು ಲೈನ್‌ಮನೆಯ ತಾಯಿ ಮಸ್ಟರಿಗಾಗಿ ಕಾದಳು. ಒಬ್ಬಳಿಗೆ ಅದು ವಿಜ್ಞಾನ, ಒಬ್ಬಳಿಗೆ ಕೂಲಿ. ಎದೆ ಕಟ್ಟಿ ನೋಯುವುದು ಇಬ್ಬರಿಗೂ ಒಂದೇ. ಒರತೆ ಬತ್ತುವುದೂ ಒಂದೇ. ಹಾಲು ಬತ್ತಿದ ಮೇಲೆ ಪಟ್ಟಣದವಳಿಗೆ ಡಬ್ಬಿ ಕೊಳ್ಳಲು ದುಡ್ಡಿತ್ತು, ಕುದಿಸಲು ನೀರಿತ್ತು. ಇವಳು ಡಬ್ಬಿ ಕೊಂಡರೂ ವಾರಕ್ಕೆ ಬರುವುದನ್ನು ಎರಡು ವಾರ ಎಳೆಯಬೇಕು. ಪಟ್ಟಿಯಲ್ಲಿ ನಾಲ್ಕು ಚಮಚವಿದ್ದರೆ ಎರಡು ಹಾಕಬೇಕು. ಸೀಸೆ ತುಂಬಿರುತ್ತದೆ, ಬಣ್ಣ ಬಿಳಿಯಿರುತ್ತದೆ, ಅಳತೆ ಸರಿಯಾಗಿಯೇ ಕಾಣುತ್ತದೆ. ಕೂಸು ಮಾತ್ರ ಸೊರಗುತ್ತದೆ. ಆಫ್ರಿಕದಲ್ಲೂ ಮಲಯದಲ್ಲೂ ಕೆಲಸ ಮಾಡಿದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ 1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬಿನ ಮುಂದೆ ಇದನ್ನು ಕೊಲೆಯೆಂದೇ ಕರೆದಳು. ಡಬ್ಬಿ ಮಾರುವವರಿಗೆ ಆ ಮಾತು ಹಿಡಿಸುವಂತಿರಲಿಲ್ಲ.

ಹಾಲಿಗೆ ಬೇಕಾದದ್ದು ಹೊತ್ತು ಎಂಬುದನ್ನು ಕಾನೂನು ಬರೆಯುವವರು ವೈದ್ಯರಿಗಿಂತ ಮೊದಲೇ ಕಂಡುಕೊಂಡರೇನೋ ಎಂದು ನನಗೆ ಕೆಲವು ಸಲ ಅನಿಸುವುದುಂಟು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ತನ್ನ ಮೂರನೆಯ ಒಪ್ಪಂದದಲ್ಲಿಯೇ, ಹಾಲೂಡಿಸುವ ತಾಯಿಗೆ ಕೆಲಸದ ನಡುವೆ ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆ ಕೊಡಬೇಕೆಂದು ಬರೆಯಿತು. ನಮ್ಮಲ್ಲಿ 1946ರಲ್ಲಿ ಡಿ. ವಿ. ರೇಗೆ ಅವರ ವರದಿ ದೇಶದ ತೋಟ ಕಾರ್ಮಿಕರ ಸ್ಥಿತಿಯನ್ನು ಸರ್ಕಾರದ ಮುಂದಿಟ್ಟಿತು. 1951ರಲ್ಲಿ ತೋಟ ಕಾರ್ಮಿಕರ ಕಾಯಿದೆ ಬಂತು. ಆಗ ಕೊಡಗು ಇನ್ನೂ ಪ್ರತ್ಯೇಕ ರಾಜ್ಯ. ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ರಂದು. ಐವತ್ತು ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳಿಗಾಗಿ ಕೋಣೆ ಇರಬೇಕು, ನೋಡಿಕೊಳ್ಳಲು ತರಬೇತಾದ ಹೆಂಗಸಿರಬೇಕೆಂದು ಕಾಯಿದೆ ವಿಧಿಸಿತು. ಇಪ್ಪತ್ತು ಮಕ್ಕಳಿದ್ದರೂ ಸಾಕೆಂದು 1981ರ ತಿದ್ದುಪಡಿ ಸೇರಿಸಿತು. 1961ರ ಹೆರಿಗೆ ಸೌಲಭ್ಯ ಕಾಯಿದೆ ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವು ಕೊಟ್ಟಿತು. ಗಣಿಗಳಿಗೂ ಸರ್ಕಸ್ಸಿಗೂ ಕೇಂದ್ರ ಸರ್ಕಾರ ಮಾಡಿದ ನಿಯಮದಲ್ಲಿ ಆ ಬಿಡುವು ಹದಿನೈದು ನಿಮಿಷ, ಹೋಗಿಬರುವ ಹೊತ್ತು ಬೇರೆ. 1919ರ ಅರ್ಧ ಗಂಟೆ ಕಾಲುಗಂಟೆಯಾಗಿತ್ತು.

ಕಾನೂನು ಒಳ್ಳೆಯದೇ. ದೊಡ್ಡ ಕಂಪನಿ ತೋಟಗಳಲ್ಲಿ ಶಿಶುಗೃಹಗಳಾದವು. ಆದರೆ ಆ 'ಐವತ್ತು' ಎಂಬ ಅಂಕಿಯನ್ನು ಕೊಡಗಿನ ಬೆಟ್ಟದ ಮೇಲೆ ನಿಂತು ನೋಡಬೇಕು. ಕರ್ನಾಟಕದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಹತ್ತು ಹೆಕ್ಟೇರಿಗಿಂತ ಚಿಕ್ಕವು. ಮೂಲ ಕಾಯಿದೆ ಮುಟ್ಟುತ್ತಿದ್ದದ್ದೇ ಇಪ್ಪತ್ತೈದು ಎಕರೆ ದಾಟಿದ, ಮೂವತ್ತು ಆಳಿರುವ ತೋಟವನ್ನು. ಮನೆಯವರೇ ನಡೆಸುವ ಹತ್ತೆಕರೆ ತೋಟದಲ್ಲಿ ಏಳೋ ಎಂಟೋ ಹೆಂಗಸರು. ಅವರಲ್ಲಿ ಹಸುಗೂಸಿರುವವಳು ಒಬ್ಬಳೇ ಇದ್ದರೆ ಅವಳ ಕೂಸಿನ ಹಸಿವು ಯಾವ ಪಟ್ಟಿಯಲ್ಲೂ ಬರಲಿಲ್ಲ. ಒಡತಿ ಕರುಣೆಯುಳ್ಳವಳಾದರೆ 'ಹೋಗಿ ಬಾ, ಮಗೂಗೆ ಕೊಟ್ಟು ಬಾ' ಎನ್ನುತ್ತಿದ್ದಳು. ಅಂಥವರನ್ನು ನಾನು ಕಂಡಿದ್ದೇನೆ. ಕರುಣೆಯಿಲ್ಲದಿದ್ದರೆ ಇಲ್ಲ. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯಿದೆಗಳು ಅವುಗಳಲ್ಲಿ ಸೇರಿಹೋದವು. ಎರಡು ಬಿಡುವು, ಹದಿನೈದು ತಿಂಗಳು ಹಾಗೆಯೇ ಉಳಿದಿವೆ. ಶಿಶುಗೃಹಕ್ಕೆ ಐವತ್ತರ ಅಂಕಿಯೂ ಉಳಿದಿದೆ, ಈಗ ಗಂಡಸರನ್ನೂ ಸೇರಿಸಿ ಎಣಿಸುತ್ತಾರೆ. ಈ ನಡುವೆ 2023ರಲ್ಲಿ ರಾಜ್ಯ ಸರ್ಕಾರ ಉದ್ಯೋಗ ಖಾತರಿಯ ಕೆಲಸಕ್ಕೆ ಬರುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯಹೊರಟಿತು. ಹೆಸರಂತೂ ಚೆನ್ನಾಗಿದೆ. ಅಸ್ಸಾಮಿನಿಂದಲೂ ಬಂಗಾಳದಿಂದಲೂ ಇಂದು ಕೊಡಗಿನ ಲೈನ್‌ಮನೆಗೆ ಬಂದಿಳಿಯುವ ತಾಯಿ, ಸುತ್ತ ಅಜ್ಜಿಯಿಲ್ಲದವಳು, ಆ ಮನೆಯ ಬಾಗಿಲು ತಟ್ಟುವುದು ಹೇಗೆಂದು ಬಲ್ಲವರು ಹೇಳಬೇಕು.

ನಮ್ಮ ವಿಜ್ಞಾನಿಗಳೂ ಸುಮ್ಮನೆ ಕೂತಿರಲಿಲ್ಲ. ಕೊಡಗಿಗೆ ಕೂಗಳತೆಯಲ್ಲಿರುವ ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಸಿ.ಎಫ್.ಟಿ.ಆರ್.ಐ. ಆರಂಭವಾಯಿತು. ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡಲಾಗದೆಂದು ಪರದೇಶದವರು ಹೇಳುತ್ತಿದ್ದ ಕಾಲದಲ್ಲಿ, ಅಲ್ಲಿಯ ವಿಜ್ಞಾನಿಗಳು ಮಾಡಿ ತೋರಿಸಿದರು. ಆನಂದದ ಅಮುಲ್ 1960ರ ಹೊತ್ತಿಗೆ ಅದನ್ನು ಮಾರುಕಟ್ಟೆಗೆ ತಂದಿತು. ಹೆಮ್ಮೆಪಡಬೇಕಾದ ಸಾಧನೆ. ಸ್ವದೇಶಿ ಡಬ್ಬಿಯ ಹಿಂಬದಿಯಲ್ಲೂ ಅದೇ ಚಮಚದ ಪಟ್ಟಿ ಇತ್ತು. ಅತ್ತ ನೀಲಗಿರಿಯ ಕೂನೂರಿನಲ್ಲಿದ್ದ ಪೌಷ್ಟಿಕಾಹಾರ ಸಂಶೋಧನಾಲಯದ ಸಿ. ಗೋಪಾಲನ್ ಬಡ ತಾಯಂದಿರ ಎದೆಹಾಲನ್ನು ಕುರಿತು 1958ರಲ್ಲಿ ಲೇಖನಗಳನ್ನು ಪ್ರಕಟಿಸಿದರು. ಅರೆಹೊಟ್ಟೆಯ ತಾಯಂದಿರ ಹಾಲೂ ಜನ ಊಹಿಸಿದಷ್ಟು ಕುಸಿದಿರಲಿಲ್ಲ. ತಾವು ಸೊರಗಿಯಾದರೂ ಮಕ್ಕಳಿಗೆ ತಿಂಗಳುಗಟ್ಟಲೆ ಕೊಡುತ್ತಿದ್ದರು. ಈ ಸುದ್ದಿ ಡಬ್ಬಿಯ ಜಾಹೀರಾತಿನಷ್ಟು ದೂರ ಹೋಗಲಿಲ್ಲ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಂಹಿತೆ, 1992ರಲ್ಲಿ ನಮ್ಮ ಸಂಸತ್ತಿನ ಕಾಯಿದೆ ಬಂದು ಶಿಶು ಹಾಲಿನ ಪುಡಿಗೂ ಹಾಲೂಡಿಸುವ ಸೀಸೆಗೂ ಜಾಹೀರಾತು ನಿಂತಿತು.

ಹಾಗಾದರೆ ನಿಜವಾಗಿ ಎಷ್ಟು? 2006ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಸಂಶೋಧಕರು ಎದೆಹಾಲನ್ನಷ್ಟೇ ಕುಡಿಯುವ, ಒಂದರಿಂದ ಆರು ತಿಂಗಳೊಳಗಿನ, ಚೆನ್ನಾಗಿ ಬೆಳೆಯುತ್ತಿದ್ದ 71 ಮಕ್ಕಳು ದಿನಪೂರ್ತಿ ಕುಡಿದ ಹಾಲನ್ನು ತೂಗಿ ಪ್ರಕಟಿಸಿದರು. ಸರಾಸರಿ 788 ಗ್ರಾಂ. ಆದರೆ ಒಂದು ಮಗು ಕುಡಿದದ್ದು 478, ಇನ್ನೊಂದು 1356. ಕುಡಿದ ಸಲಗಳು ಒಂದಕ್ಕೆ ಆರು, ಮತ್ತೊಂದಕ್ಕೆ ಹದಿನೆಂಟು. ಎಲ್ಲವೂ ಆರೋಗ್ಯವಂತ ಮಕ್ಕಳು! ಡಬ್ಬಿಯ ಪಟ್ಟಿಯಲ್ಲಿ ಇವರಿಗೆಲ್ಲ ಒಂದೇ ಸಾಲು. ಈಗಿನ ವೈದ್ಯರು ತಾಯಂದಿರಿಗೆ ಹೇಳುವುದು ಸರಳವಾಗಿದೆ: ಆರು ತಿಂಗಳು ಎದೆಹಾಲಷ್ಟೇ, ಮಗು ಕೇಳಿದಾಗಲೆಲ್ಲ, ರಾತ್ರಿಯೂ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆ ಮಾಡುತ್ತಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ತೂಕ ಏರದಿದ್ದರೆ, ಕೂಸು ಮಂಕಾಗಿ ಹಾಲು ಬಿಟ್ಟರೆ ನೆರೆಯವರ ಮಾತು ಕೇಳುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ಅಳತೆ ನಿಜಕ್ಕೂ ಬೇಕಾದ ಮಕ್ಕಳೂ ಇದ್ದಾರೆ. ತಿಂಗಳು ತುಂಬದೆ ಹುಟ್ಟಿ ಚೀಪಲು ಶಕ್ತಿಯಿಲ್ಲದವು. ಜಿಲ್ಲಾ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ಇವಕ್ಕೆ ಲೆಕ್ಕವುಂಟು. ಒಂದೂ ಮುಕ್ಕಾಲು ಕಿಲೋದ ಕೂಸಿಗೆ ಮೊದಲ ದಿನ ಕಿಲೋಗೆ 60 ಮಿಲಿಲೀಟರಿನಂತೆ 105. ಎರಡು ಗಂಟೆಗೊಮ್ಮೆ ಕೊಟ್ಟರೆ ಒಂದು ಸಲಕ್ಕೆ ಒಂಬತ್ತಕ್ಕಿಂತ ಕಡಿಮೆ. ಆಮೇಲೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಿ, ವಾರದಲ್ಲಿ ಕಿಲೋಗೆ 150ರ ಹತ್ತಿರಕ್ಕೆ ತರುತ್ತಾರೆ. ತಾಯಿಯದೇ ಹಾಲನ್ನು ಹಿಂಡಿ ಕೊಡುವುದು. ಯಾವುದರಿಂದ? ಸೀಸೆ ಅಲ್ಲಿ ನಿಷಿದ್ಧ. ಸೀಸೆ, ಲೋಟ, ಪಾಲಾಡೈ ಮೂರನ್ನೂ ಹೋಲಿಸಿ ನಮ್ಮ ದೇಶದ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂಸುಗಳು ಹೆಚ್ಚು ಹಾಲನ್ನು ಕಡಿಮೆ ಹೊತ್ತಿನಲ್ಲಿ, ಸಮಾಧಾನವಾಗಿ ಕುಡಿದದ್ದು ಪಾಲಾಡೈಯಿಂದ. ನಮ್ಮ ಒಳಲೆಯೇ. ಈಗ ಅದು ಉಕ್ಕಿನದು, ಕುದಿಸಿ ತೆಗೆದದ್ದು. ದಾದಿ ಕೂಸನ್ನು ಅರ್ಧ ಕೂರಿಸಿ, ತುಟಿಯ ಅಂಚಿಗೆ ಮೂತಿ ತಾಗಿಸಿ, ನುಂಗಿತೇ ಎಂದು ನೋಡಿ ಮತ್ತೆ ಬಗ್ಗಿಸುತ್ತಾಳೆ. ಪಕ್ಕದಲ್ಲಿ ನಿಂತ ತಾಯಿಗೆ ಕಲಿಸುತ್ತಾಳೆ. ಕೂಸು ಎದೆಗೆ ಬಾಯಿ ಹಾಕಿ ಚೀಪಲು ಕಲಿತ ಮೇಲೆ ಮಿಲಿಲೀಟರಿನ ಲೆಕ್ಕ ನಿಲ್ಲಿಸಿ, ಬೆಳಿಗ್ಗೆ ಬೆಳಿಗ್ಗೆ ತೂಕವನ್ನಷ್ಟೇ ಬರೆದುಕೊಳ್ಳುತ್ತಾರೆ.